ಅಪ್ಪ-ಅಮ್ಮನ ಜೊತೆ ಕಂಟ್ರಿ ಮ್ಯೂಸಿಕ್ ಉತ್ಸವ: ಐದು ಉತ್ಸವಗಳಲ್ಲಿ ಯಾವುದು ಅವರಿಗೆ ಹೊಂದುತ್ತದೆ?

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ನಯಾಗರ ಆಯ್ತು, ದೇವಸ್ಥಾನ ಆಯ್ತು, ಅಂಗಡಿ ಸುತ್ತಿದ್ದೂ ಆಯ್ತು. ಮಕ್ಕಳಿಗೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಹುಚ್ಚು, ಈ ಸಲ ಇವರನ್ನೂ ಉತ್ಸವಕ್ಕೆ ಕರೆದುಕೊಂಡು ಹೋಗೋಣ ಅನ್ನಿಸುತ್ತದೆ. ಆಗ ಹೆಚ್ಚಿನವರು ಯಾರು ಹಾಡುತ್ತಾರೆ ಎಂದು ನೋಡಿ ಟಿಕೆಟ್ ತೆಗೆದುಬಿಡುತ್ತಾರೆ. ಅರವತ್ತೈದು ದಾಟಿದವರನ್ನು ಕರೆದೊಯ್ಯುವಾಗ ಮೊದಲು ನೋಡಬೇಕಾದ್ದು ಬೇರೆ: ಒರಗಿಕೊಳ್ಳಲು ಬೆನ್ನಿರುವ ಕುರ್ಚಿ ಸಿಗುತ್ತದೆಯೇ, ಕಟ್ಟಡದೊಳಗಿನ ಟಾಯ್ಲೆಟ್ ಎಷ್ಟು ಹೆಜ್ಜೆ ದೂರ, ಬಿಸಿಲಿನಲ್ಲಿ ಎಷ್ಟು ಗಂಟೆ, ರಾತ್ರಿ ರೂಮಿಗೆ ಮರಳುವುದು ಹೇಗೆ. ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಹಾಡುವವರ ಪಟ್ಟಿ ನೋಡಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಐದು ಉತ್ಸವಗಳನ್ನು ಇಲ್ಲಿ ಇದೇ ಅಳತೆಗೋಲಿನಿಂದ ತೂಗಿದ್ದೇವೆ.

ನ್ಯಾಶ್‌ವಿಲ್‌ನ ಸಿಎಂಎ ಫೆಸ್ಟ್

ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ (ಸಿಎಂಎ) ಎಂಬ ಸಂಘದ ಈ ಉತ್ಸವ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಜೂನ್ ಮೊದಲ ಭಾಗದ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ನಡೆಯುತ್ತದೆ. 1972ರಲ್ಲಿ ಫ್ಯಾನ್ ಫೇರ್ ಎಂಬ ಹೆಸರಿನಲ್ಲಿ ಶುರುವಾಗಿ, 2001ರಲ್ಲಿ ಊರ ನಡುವಿಗೆ ಬಂತು. ಬೇಸಿಗೆಗೆ ಬರುವ ನಮ್ಮ ಹಿರಿಯರು ಸಾಮಾನ್ಯವಾಗಿ ಅಮೆರಿಕದಲ್ಲಿರುವ ತಿಂಗಳೂ ಇದೇ, ಹಾಗಾಗಿ ಹೆಚ್ಚು ಜನ ಕೇಳುವುದೂ ಇದನ್ನೇ.

ಇದನ್ನು ಒಂದು ಉತ್ಸವ ಎನ್ನುವುದಕ್ಕಿಂತ ಮೂರು ಎನ್ನಬಹುದು. ಹಗಲು ನದಿ ದಂಡೆಯಲ್ಲೂ ಊರ ನಡುವಿನ ಬಯಲು ವೇದಿಕೆಗಳಲ್ಲೂ ಉಚಿತ ಕಾರ್ಯಕ್ರಮಗಳಿರುತ್ತವೆ. ಮ್ಯೂಸಿಕ್ ಸಿಟಿ ಸೆಂಟರ್ ಎಂಬ ದೊಡ್ಡ ಕಟ್ಟಡದೊಳಗೆ ಅಭಿಮಾನಿಗಳು ಕಲಾವಿದರನ್ನು ಹತ್ತಿರದಿಂದ ಕಾಣುವ ಫ್ಯಾನ್ ಫೇರ್ ಎಕ್ಸ್ ಇರುತ್ತದೆ, ಅದಕ್ಕೆ ಬೇರೆ ಟಿಕೆಟ್. ರಾತ್ರಿ ಕಂಬರ್ಲೆಂಡ್ ನದಿಯಾಚೆಯ ಕ್ರೀಡಾಂಗಣದಲ್ಲಿ ದೊಡ್ಡ ಕಛೇರಿ. ಮಕ್ಕಳ ಕಣ್ಣು ಸಹಜವಾಗಿ ಮೂರನೆಯದರ ಮೇಲೆ. ಹಿರಿಯರಿಗೆ ಹೇಳಿಮಾಡಿಸಿದ್ದು ಎರಡನೆಯದು. ಅಲ್ಲಿ ಏಸಿ ಇದೆ, ಮಟ್ಟಸವಾದ ನೆಲವಿದೆ, ಶುಚಿಯಾದ ಟಾಯ್ಲೆಟ್ ಇದೆ, ಲಿಫ್ಟ್ ಇದೆ. ಒಳಗಿನ ಚಿಕ್ಕ ವೇದಿಕೆಗಳಲ್ಲಿ ಕಲಾವಿದರು ಹತ್ತಿರದಿಂದ ಹಾಡುತ್ತಾರೆ, ಮಾತಾಡುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ ಮಧ್ಯಾಹ್ನ ಒಂದರ ಒಳಗೆ ಹೊರಬಿದ್ದರೆ ಸಾಕು. ಕಲಾವಿದರ ಹಸ್ತಾಕ್ಷರದ ಸಾಲುಗಳಿಗೆ ಮಾತ್ರ ಅವರನ್ನು ನಿಲ್ಲಿಸಬೇಡಿ, ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಉಚಿತ ಬಯಲು ವೇದಿಕೆಗಳ ಮೇಲೆ ನಮಗೆ ಭರವಸೆ ಕಡಿಮೆ. ಜೂನ್‌ನಲ್ಲಿ ಅಲ್ಲಿನ ಹಗಲು 30-31 ಡಿಗ್ರಿ ಸೆಲ್ಸಿಯಸ್. ಕೇಳಲು ನಮಗೇನೂ ದೊಡ್ಡದಲ್ಲ, ಆದರೆ ಗಾಳಿಯ ತೇವ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ, ಮೇಲೆ ಡಾಂಬರಿನ ಝಳ. ನೆರಳಿರುವ ಜಾಗ ಮೊದಲೇ ತುಂಬಿರುತ್ತದೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇಂಥ ಸೆಖೆಯಲ್ಲಿ ದೇಹದ ನೀರು ಬೇಗ ಇಳಿದು, ಎದ್ದು ನಿಂತಾಗ ತಲೆ ಸುತ್ತುತ್ತದೆ. ಹೊರಡುವ ಮುನ್ನ ಊರಿನ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಟಾಯ್ಲೆಟ್ ದೂರವೆಂದು ನೀರು ಕುಡಿಯದೇ ಕೂರುವುದು ನಮ್ಮ ತಾಯಂದಿರ ಅಭ್ಯಾಸ, ಅಲ್ಲಿ ಎಡವಟ್ಟಾಗುವುದು ಇದರಿಂದಲೇ. ಹಾಗಾಗಿ ಮೊದಲು ಟಾಯ್ಲೆಟ್ ತೋರಿಸಿ, ಆಮೇಲೆ ಕೂರಿಸಿ.

ಕ್ರೀಡಾಂಗಣದ ರಾತ್ರಿ ಬೇಕೇ ಬೇಕೆಂದರೆ ಒಂದೇ ರಾತ್ರಿ ಸಾಕು. ಸಂಜೆ ಶುರುವಾದ ಕಛೇರಿ ಮಧ್ಯರಾತ್ರಿ ದಾಟುವುದು ಸಾಮಾನ್ಯ. ಸೀಟು ಆರಿಸುವಾಗ ಮೂರು ವಿಷಯ ಗಮನಿಸಿ. ವೇದಿಕೆಯ ಮುಂದಿನ ನೆಲದ ಸೀಟುಗಳು ದುಬಾರಿ, ಆದರೆ ಅಲ್ಲಿ ಮೊದಲ ಹಾಡಿಗೇ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೂತವರಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಮೇಲಿನ ಅಂತಸ್ತು ಅಗ್ಗ, ಆದರೆ ಮೆಟ್ಟಿಲು ಕಡಿದು, ಹಿಡಿಯಲು ಆಸರೆ ಕಡಿಮೆ. ಕೆಳ ಅಂತಸ್ತಿನಲ್ಲಿ, ಸಾಲಿನ ತುದಿಯಲ್ಲಿ, ಒಳ ಪ್ರವೇಶದ ಬಾಗಿಲಿಗೆ ಹತ್ತಿರವಿರುವ ಸೀಟೇ ಸರಿ. ಅದರಲ್ಲೂ ಪಶ್ಚಿಮದ ಮಗ್ಗುಲಾದರೆ ಸಂಜೆ ಬಿಸಿಲು ಬೆನ್ನ ಹಿಂದೆ ಬೀಳುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಸುಮಾರಿಗೆ, ಎದುರು ಮಗ್ಗುಲಿನವರು ಅಲ್ಲಿಯವರೆಗೂ ಕಣ್ಣಿಗೆ ಕೈ ಅಡ್ಡ ಹಿಡಿದೇ ಕೂರಬೇಕು. ಹಳೆಯ ಕ್ರೀಡಾಂಗಣದ ಪಕ್ಕದಲ್ಲೇ ಚಾವಣಿಯಿರುವ ಹೊಸದನ್ನು ಕಟ್ಟುತ್ತಿದ್ದು, 2027ರಲ್ಲಿ ತೆರೆಯುವ ಯೋಜನೆಯಿದೆ. ಅದು ಬಂದ ಮೇಲೆ ಬಿಸಿಲು-ಮಳೆಯ ಲೆಕ್ಕವೇ ಬದಲಾಗುತ್ತದೆ, ಆಯಾ ವರ್ಷದ ಸೀಟಿನ ನಕ್ಷೆ ನೋಡಿಯೇ ಕೊಳ್ಳಿ.

ಮೆಟ್ಟಿಲು ಹತ್ತಲಾಗದ ಮಂಡಿನೋವಿದ್ದರೆ ಆಕ್ಸೆಸಿಬಲ್ ಸೀಟು ಕೇಳಲು ಸಂಕೋಚ ಬೇಡ. ಗಾಲಿಕುರ್ಚಿಯಲ್ಲಿ ಬರುವವರಿಗೆ ಮಾತ್ರವಲ್ಲ, ಮೆಟ್ಟಿಲು ಹತ್ತಲಾಗದವರಿಗೂ ಅದು ಸಲ್ಲುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಅದಕ್ಕೆ ಡಾಕ್ಟರ ಚೀಟಿ ಕೇಳುವಂತಿಲ್ಲ, ಸೀಟು ಉಳಿದಿದ್ದರೆ ಪಕ್ಕದಲ್ಲೇ ಮೂವರು ಜೊತೆಗಾರರಿಗೂ ಕೊಡಬೇಕು. ಟಿಕೆಟ್ ಬಿಟ್ಟ ದಿನವೇ ತೆಗೆಯಿರಿ, ಇವು ಕೆಲವೇ ಇರುತ್ತವೆ.

ಚೀಲದ ನಿಯಮ ಕಟ್ಟುನಿಟ್ಟು. 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲದೊಳಗಿನ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮಾತ್ರ. ಅಮ್ಮನ ಭುಜದ ಚೀಲ ಗೇಟಿನಲ್ಲಿ ನಿಲ್ಲುತ್ತದೆ, ಕಾರಿನವರೆಗೆ ವಾಪಸ್ ನಡೆಯಬೇಕಾಗುತ್ತದೆ. ಔಷಧ ಒಯ್ಯಬಹುದು, ತಪಾಸಣೆ ಮಾಡಿ ಬಿಡುತ್ತಾರೆ. ಮಾತ್ರೆಗಳನ್ನು ದಿನದ ಡಬ್ಬಿಗೆ ಸುರಿದುಕೊಳ್ಳದೆ ಹೆಸರಿರುವ ಪಟ್ಟಿಯಲ್ಲೇ ಇಟ್ಟುಕೊಳ್ಳಿ. ಕೊಡೆ ಬಿಡುವುದಿಲ್ಲ, ಮಡಚಿದರೆ ಅಂಗೈಯಷ್ಟಾಗುವ ಪಾಂಚೋ ಎಂಬ ಪ್ಲಾಸ್ಟಿಕ್ ಮಳೆಹೊದಿಕೆ ತಲಾ ಒಂದಿರಲಿ. ಜೂನ್ ಸಂಜೆಗಳಲ್ಲಿ ಗುಡುಗು-ಮಿಂಚು ಸಾಮಾನ್ಯ. ಮಿಂಚು ಹತ್ತಿರವಾದರೆ ಕಾರ್ಯಕ್ರಮ ನಿಲ್ಲಿಸಿ ಎಲ್ಲರನ್ನೂ ಸೀಟಿನಿಂದ ಎಬ್ಬಿಸಿ ಒಳ ಓಣಿಗೆ ಕಳಿಸುತ್ತಾರೆ. ಸಾವಿರಾರು ಜನ ಒಟ್ಟಿಗೆ ಇಳಿಯುವ ಆ ಹೊತ್ತಿಗೆ ಬಾಗಿಲ ಬಳಿಯ ಸೀಟಿನ ಬೆಲೆ ತಿಳಿಯುತ್ತದೆ.

ಊರ ನಡುವಿನಿಂದ ಕ್ರೀಡಾಂಗಣಕ್ಕೆ ಹೋಗುವ ಕಾಲುಸೇತುವೆಯ ಉದ್ದ ಸುಮಾರು 960 ಮೀಟರ್. ಹೋಗುವಾಗ ಗಾಳಿ, ನದಿ, ದೀಪ ಎಲ್ಲ ಚೆನ್ನ. ರಾತ್ರಿ ಹನ್ನೆರಡೂವರೆಗೆ ಬರುವಾಗ ಅದೇ ಸೇತುವೆ ಮುಗಿಯುವುದೇ ಇಲ್ಲ. ಕಡೆಯ ಹಾಡಿಗೆ ಅರ್ಧ ಗಂಟೆ ಮೊದಲೇ ಹೊರಡುವುದೆಂದು ಮುಂಚೆಯೇ ಮಾತಾಡಿಕೊಳ್ಳಿ, ಟ್ಯಾಕ್ಸಿ ದರವೂ ಆಗ ಕಡಿಮೆ.

ನಮ್ಮನ್ನು ಕೇಳಿದರೆ ಆ ವಾರ ನ್ಯಾಶ್‌ವಿಲ್‌ಗೆ ಹೋಗಿ, ಕ್ರೀಡಾಂಗಣದ ಬದಲು ಗ್ರ್ಯಾಂಡ್ ಓಲ್ ಆಪ್ರಿಗೆ ಕರೆದುಕೊಂಡು ಹೋಗಿ. 1925ರ ನವೆಂಬರ್ 28ರಂದು ರೇಡಿಯೋದಲ್ಲಿ ಶುರುವಾದ ಈ ಕಂಟ್ರಿ ಸಂಗೀತದ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಊರ ನಡುವಿನಿಂದ ಸುಮಾರು 16 ಕಿ.ಮೀ. ದೂರದ ಆಪ್ರಿ ಹೌಸಿನಲ್ಲಿ ಸುಮಾರು 4,400 ಸೀಟು. ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಒಬ್ಬೊಬ್ಬರು ಎರಡು-ಮೂರು ಹಾಡು ಹೇಳಿ ಇಳಿಯುತ್ತಾರೆ. ಎಪ್ಪತ್ತು ದಾಟಿದ ಗಾಯಕರೂ ಮೊನ್ನೆ ಬಂದವರೂ ಒಂದೇ ವೇದಿಕೆಯಲ್ಲಿ. ಆಕಾಶವಾಣಿ ಕೇಳಿ ಬೆಳೆದ ಅಪ್ಪನಿಗೆ ಆ ನಿರೂಪಕರ ಶೈಲಿ ಕೂಡಲೇ ಹಿಡಿಸುತ್ತದೆ. 1943ರಿಂದ 1974ರವರೆಗೆ ಇದು ನಡೆದದ್ದು ಊರ ನಡುವಿನ ರೈಮನ್ ಸಭಾಂಗಣದಲ್ಲಿ. ಅದನ್ನು ಹಗಲು ಹೋಗಿ ನೋಡಿ ಬನ್ನಿ. ಅಲ್ಲಿ ಕಛೇರಿಗೆ ಕೂರುವುದಾದರೆ ಮರದ ಬೆಂಚು, ಮೆತ್ತೆಯಿಲ್ಲ, ಕೆಲವು ಸೀಟಿನ ಮುಂದೆ ಕಂಬ ಬರುತ್ತದೆ.

ಉಪಾಹಾರದ ಹೊತ್ತಿಗೆ ಅಮ್ಮನಿಗೆ ಗುಡಿ ನೋಡಬೇಕೆನಿಸಿದರೆ ಬೆಲ್‌ವ್ಯೂ ಬಡಾವಣೆಯಲ್ಲಿ ಶ್ರೀ ಗಣೇಶ ದೇವಸ್ಥಾನವಿದೆ. ಆ ಅರ್ಧ ದಿನ ಉತ್ಸವಕ್ಕೆ ರಜೆ ಹಾಕಿದರೆ ಸಂಜೆಗೆ ಅವರಿಗೂ ಚೈತನ್ಯ ಉಳಿಯುತ್ತದೆ.

ನಾರ್ತ್ ಕೆರೊಲೈನಾದ ಮರ್ಲ್‌ಫೆಸ್ಟ್

ಅಪ್ಪನಿಗೋ ಅಮ್ಮನಿಗೋ ಶಾಸ್ತ್ರೀಯ ಸಂಗೀತದ ಕಿವಿ ಇದ್ದರೆ ಎರಡು ಮಾತಿಲ್ಲ, ಇದೇ. ಏಪ್ರಿಲ್ ಕೊನೆಯಲ್ಲಿ ವಿಲ್ಕ್ಸ್‌ಬರೋ ಎಂಬ ಸಣ್ಣ ಊರಿನ ಕಮ್ಯುನಿಟಿ ಕಾಲೇಜಿನ ಆವರಣದಲ್ಲಿ ನಡೆಯುತ್ತದೆ. ಕಣ್ಣು ಕಾಣದ ಗಿಟಾರ್ ವಾದಕ ಡಾಕ್ ವಾಟ್ಸನ್ ಮುಂದೆ ನಿಂತು, 1985ರಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ತೀರಿಕೊಂಡ ಮಗ ಮರ್ಲ್‌ನ ನೆನಪಿಗೆ 1988ರಲ್ಲಿ ಶುರುಮಾಡಿದ ಉತ್ಸವ ಇದು. ತಂದೆ-ಮಗ ಒಟ್ಟಿಗೆ ನುಡಿಸುತ್ತಿದ್ದ ಜೋಡಿ. ಈ ವಿಷಯ ಮೊದಲೇ ಹೇಳಿ ಕರೆದೊಯ್ಯಿರಿ, ಕೇಳುವ ರೀತಿಯೇ ಬೇರೆಯಾಗುತ್ತದೆ.

ಇಲ್ಲಿ ಬ್ಲೂಗ್ರಾಸ್ (ಬ್ಯಾಂಜೋ, ಪಿಟೀಲು, ಗಿಟಾರಿನಂಥ ತಂತಿವಾದ್ಯಗಳ ಚುರುಕು ಸಂಗೀತ) ಮತ್ತು ಹಳೆಯ ಬೆಟ್ಟದ ಸಂಗೀತ ಹೆಚ್ಚು. ಹಳಬರ ಫಿಡಲ್ ಎಂದರೆ ನಮ್ಮ ಪಿಟೀಲೇ, ಹಿಡಿಯುವ ಬಗೆ ಮಾತ್ರ ಬೇರೆ: ನಮ್ಮವರು ಕೂತು ತುದಿಯನ್ನು ಪಾದಕ್ಕೆ ಆನಿಸುತ್ತಾರೆ, ಇವರು ನಿಂತು ಗದ್ದಕ್ಕೋ ಎದೆಗೋ ಒತ್ತುತ್ತಾರೆ. ಪಾಶ್ಚಾತ್ಯ ಪಿಟೀಲಿನ ನಾಲ್ಕು ತಂತಿಗಳ ಸ್ವರ, ಅವರ ಹೆಸರಿನಲ್ಲಿ, ಸಾಮಾನ್ಯವಾಗಿ ಜಿ-ಡಿ-ಎ-ಇ. ಆದರೆ ಬೆಟ್ಟದ ಕಡೆಯ ಹಳೆಯ ಮಟ್ಟುಗಳಿಗೆ ಎ-ಇ-ಎ-ಇ ಎಂದು ಶ್ರುತಿ ಮಾಡುವ ರೂಢಿಯಿದೆ. ಅದು ನಮ್ಮ ಕರ್ನಾಟಕ ಸಂಗೀತದ ಸ-ಪ-ಸ-ಪ! ಸಣ್ಣ ವೇದಿಕೆಯ ಮುಂದಿನ ಸಾಲಿನಲ್ಲಿ ಕೂತು, ವಾದಕ ಎರಡು ತಂತಿ ಒಟ್ಟಿಗೆ ಎಳೆದಾಗ ಅಮ್ಮನಿಗೆ ಅದನ್ನು ತೋರಿಸಿ. ಮೊದಲ ಬಾರಿಗೆ ಕೇಳುವವರಿಗೆ ಈ ಸಂಗೀತದೊಳಕ್ಕೆ ಕಾಲಿಡಲು ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ.

ಹಲವು ವೇದಿಕೆಗಳಲ್ಲಿ ಕಾಲೇಜಿನ ವಾಕರ್ ಸೆಂಟರ್ ಸಭಾಂಗಣವೂ ಒಂದು. ಮಳೆ ಬಂದರೆ, ಸಾಕೆನಿಸಿದರೆ ಅಲ್ಲಿಗೆ ಹೋಗಿ ಕೂರಬಹುದು. ತೊಡಕು ಎರಡು. ಒಂದು, ಬೆಟ್ಟದ ತಪ್ಪಲಾದ್ದರಿಂದ ಏರು-ತಗ್ಗಿನ ಹುಲ್ಲುನೆಲ, ಮಳೆಯಾದರೆ ಕೆಸರು. ಔಷಧದಂಗಡಿಯಲ್ಲಿ ಸಿಗುವ ಸಣ್ಣ ಚಕ್ರದ ತಳ್ಳುಕುರ್ಚಿ ಅಲ್ಲಿ ಹೂತುಹೋಗುತ್ತದೆ, ಹಿಂದಿನ ಚಕ್ರ ದೊಡ್ಡದಿರುವ ಗಾಲಿಕುರ್ಚಿಯೇ ಬೇಕು. ಇನ್ನೊಂದು ಚಳಿ. ಮಧ್ಯಾಹ್ನ ಬೆಚ್ಚಗಿದ್ದು ರಾತ್ರಿ ಹತ್ತು ಡಿಗ್ರಿಗೂ ಕೆಳಗಿಳಿಯಬಹುದು, ಸ್ವೆಟರ್, ಮಫ್ಲರ್, ಕಾಲುಚೀಲ ಚೀಲದಲ್ಲಿರಲಿ. ಷಾರ್ಲಟ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಊರು ಚಿಕ್ಕದು, ಹೋಟೆಲು ಬೇಗ ತುಂಬುತ್ತವೆ.

ಕ್ಯಾಲಿಫೋರ್ನಿಯಾದ ಸ್ಟೇಜ್‌ಕೋಚ್

ಇಂಡಿಯೋ ಊರಿನ ಎಂಪೈರ್ ಪೋಲೋ ಕ್ಲಬ್ಬಿನಲ್ಲಿ, 2007ರಿಂದ, ಏಪ್ರಿಲ್ ಕೊನೆಯ ಶುಕ್ರವಾರದಿಂದ ಭಾನುವಾರ. ಬೇ ಏರಿಯಾ, ಲಾಸ್ ಏಂಜಲೀಸ್ ಕಡೆಯ ಕನ್ನಡಿಗರು ಹತ್ತಿರವೆಂದು ಇದನ್ನೇ ಆರಿಸುತ್ತಾರೆ. ಹಿರಿಯರಿದ್ದರೆ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಮರುಭೂಮಿಯ ಬಿಸಿಲು 35 ಡಿಗ್ರಿ ದಾಟುವುದುಂಟು, ಸಂಜೆ ಗಾಳಿ ಎದ್ದರೆ ಧೂಳು, ಆಸ್ತಮಾ ಇರುವವರಿಗೆ ಸಂಕಟ. ಪಾರ್ಕಿಂಗ್‌ನಿಂದ ವೇದಿಕೆಗೆ ದೂರ ನಡಿಗೆ. ಟಾಯ್ಲೆಟ್ ಬಹುಪಾಲು ಪ್ಲಾಸ್ಟಿಕ್ ಗೂಡು, ಸೀರೆ ಉಟ್ಟವರಿಗೆ ಅದರೊಳಗೆ ತಿರುಗಲೂ ಜಾಗವಿಲ್ಲ. ಕುಡಿದು ಕುಣಿಯುವ ಯುವಕರ ಗುಂಪು ದೊಡ್ಡದು.

ಆದರೂ ಹೋಗಲೇಬೇಕಾದರೆ ಕಾದಿರಿಸಿದ ಸೀಟಿನ ಟಿಕೆಟ್ ತೆಗೆಯಿರಿ, ಸಾಮಾನ್ಯ ಪ್ರವೇಶ ಬೇಡವೇ ಬೇಡ. ಸೂರ್ಯ ಇಳಿದ ಮೇಲೆ, ಆರರ ನಂತರ ಒಳಗೆ ಹೋಗಿ. ಹಗಲು ಏಸಿ ರೂಮಿನಲ್ಲಿರಿ, ಬೆಳಿಗ್ಗೆ ಬೇಕಿದ್ದರೆ ಆ ಕಣಿವೆಯ ಖರ್ಜೂರದ ತೋಟ ತೋರಿಸಿ, ಹಿರಿಯರು ಮೆಚ್ಚುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇರಬೇಕು, ನಿಲ್ಲಿಸಿದ ಕಾರು ಅದನ್ನು ಅರ್ಧ ಗಂಟೆಯಲ್ಲೇ ದಾಟುತ್ತದೆ. ಕೆಟ್ಟ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇರಬಹುದು, ಸಕ್ಕರೆ ಏರಿದಾಗಲೇ ಗೊತ್ತಾಗುವುದು.

ಲಂಡನ್ನಿನ ಸಿ2ಸಿ

ಕಂಟ್ರಿ ಟು ಕಂಟ್ರಿ, ಎಲ್ಲರ ಬಾಯಲ್ಲಿ ಸಿ2ಸಿ. 2013ರಿಂದ ಮಾರ್ಚ್ ತಿಂಗಳಲ್ಲಿ ಮೂರು ದಿನ, ದೊಡ್ಡ ಗುಮ್ಮಟದಡಿಯ ಓ2 ಅರೀನಾ ಎಂಬ ಒಳಾಂಗಣದಲ್ಲಿ. ಐದರಲ್ಲಿ ದೇಹಕ್ಕೆ ಅತಿ ಕಡಿಮೆ ಶ್ರಮ ಕೊಡುವುದು ಇದೇ. ಎಲ್ಲವೂ ಗುಮ್ಮಟದ ಒಳಗೆ, ಗುರುತಿಸಿದ ಸೀಟು, ಮೆಟ್ರೋದ ಜ್ಯುಬಿಲಿ ಮಾರ್ಗದ ನಾರ್ತ್ ಗ್ರೀನಿಚ್ ನಿಲ್ದಾಣದಲ್ಲಿ ಲಿಫ್ಟ್ ಇದೆ, ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಅರೀನಾದ ಹೊರಗೆ, ಅದೇ ಗುಮ್ಮಟದಡಿ ಚಿಕ್ಕ ವೇದಿಕೆಗಳೂ ಊಟದ ಸಾಲು ಅಂಗಡಿಗಳೂ ಇವೆ.

400ರ ಸಾಲಿನ ಬ್ಲಾಕುಗಳನ್ನು ಮಾತ್ರ ತೆಗೆಯಬೇಡಿ. ಅಗ್ಗವೆಂದು ಕೊಂಡವರು ಅಲ್ಲಿನ ಕಡಿದಾದ ಮೆಟ್ಟಿಲ ಮುಂದೆ ಅಮ್ಮನ ಕೈ ಹಿಡಿದು ನಿಂತುಬಿಡುತ್ತಾರೆ, ತಲೆಸುತ್ತು ಇರುವವರಿಗೆ ಕೆಳಗೆ ನೋಡಲೂ ಆಗದು. 100ರ ಸಾಲಿನಲ್ಲಿ, ಸಾಲಿನ ತುದಿ. ಚೀಲ ಎ4 ಹಾಳೆಗಿಂತ ದೊಡ್ಡದಿರಬಾರದು. ಮುಗಿದ ಕೂಡಲೇ ರೈಲಿಗೆ ನುಗ್ಗಬೇಡಿ, ಒಳಗೇ ಚಹಾ ಕುಡಿದು ಅರ್ಧ ಗಂಟೆ ತಡೆದರೆ ಕೂರಲು ಸೀಟು ಸಿಗುತ್ತದೆ. ಇದರ ಕೊರತೆ ಒಂದೇ: ಮಾರ್ಚ್‌ನ ಲಂಡನ್ ಚಳಿ ಎಂದು ನಮ್ಮ ಹಿರಿಯರು ಆಗ ಬರಲು ಒಪ್ಪುವುದಿಲ್ಲ.

ಆಸ್ಟ್ರೇಲಿಯಾದ ಟ್ಯಾಮ್‌ವರ್ತ್

ಸಿಡ್ನಿಯಿಂದ ರಸ್ತೆಯಲ್ಲಿ ಸುಮಾರು 400 ಕಿ.ಮೀ., ಕಾರಿನಲ್ಲಿ ಐದು ಗಂಟೆ, ರೈಲೂ ಇದೆ. ಜನವರಿಯ ದ್ವಿತೀಯಾರ್ಧದಲ್ಲಿ ಹತ್ತು ದಿನ. 1973ರಿಂದ ಇಲ್ಲಿ ಗೋಲ್ಡನ್ ಗಿಟಾರ್ ಪ್ರಶಸ್ತಿ ಕೊಡುತ್ತಾ ಬಂದಿದ್ದಾರೆ, ಊರ ಹೊರಗೆ 12 ಮೀಟರ್ ಎತ್ತರದ ಬಂಗಾರದ ಬಣ್ಣದ ಗಿಟಾರೇ ನಿಂತಿದೆ. ಸಂಕ್ರಾಂತಿ ಮುಗಿಸಿ ಎಳ್ಳು-ಬೆಲ್ಲದ ಡಬ್ಬಿಯ ಸಮೇತ ಹೊರಟರೆ ಸರಿಹೋಗುತ್ತದೆ.

ವಯಸ್ಸಾದವರು ಇಲ್ಲಿ ಪರಕೀಯರೆನಿಸುವುದಿಲ್ಲ, ಕ್ಯಾರವಾನ್ ಕಟ್ಟಿಕೊಂಡು ಬರುವ ನಿವೃತ್ತರೇ ಬಹಳ. ಪೀಲ್ ಸ್ಟ್ರೀಟ್‌ನ ಉದ್ದಕ್ಕೂ ಹಾಡುವವರು ನಿಂತಿರುತ್ತಾರೆ. ಜಾತ್ರೆಯ ಬೀದಿಯಂತೆ ಒಬ್ಬರ ಮುಂದೆ ಹತ್ತು ನಿಮಿಷ ನಿಂತು ಮುಂದಕ್ಕೆ ಹೋಗಬಹುದು, ಹಿಡಿಸದಿದ್ದರೆ ಟಿಕೆಟ್ ದಂಡವಾಯಿತೆಂಬ ಚಿಂತೆಯಿಲ್ಲ. ಕ್ಲಬ್ಬುಗಳ ಏಸಿ ಸಭಾಂಗಣಗಳಲ್ಲಿ ಕುರ್ಚಿ ಹಾಕಿ ಮಧ್ಯಾಹ್ನದ ಕಾರ್ಯಕ್ರಮ ನಡೆಸುತ್ತಾರೆ. ಬೆಳಿಗ್ಗೆ ಎಂಟರಿಂದ ಹತ್ತೂವರೆ ಬೀದಿ, ಹನ್ನೊಂದರಿಂದ ನಾಲ್ಕು ಕ್ಲಬ್ಬು ಅಥವಾ ರೂಮು, ಸಂಜೆ ಮತ್ತೆ ಬೀದಿ, ಹೀಗೆ ಹಂಚಿಕೊಳ್ಳಿ. ಅಲ್ಲಿ ಅದು ನಡುಬೇಸಿಗೆ, 35 ಡಿಗ್ರಿ ಅಪರೂಪವಲ್ಲ.

ಅಪ್ಪ ಕಿಶೋರ್ ಕುಮಾರ್ ಅಭಿಮಾನಿಯಾಗಿದ್ದರೆ ಒಂದು ಸಂಗತಿ ಹೇಳಿ. ದನಿಯನ್ನು ಥಟ್ಟನೆ ಏರಿಸಿ ಇಳಿಸುವ ಅವರ ಯೋಡ್ಲಿಂಗ್‌ಗೆ ಮೂಲವೆಂದು ಹೇಳುವ ಗ್ರಾಮಫೋನ್ ತಟ್ಟೆಗಳಲ್ಲಿ ಅಮೆರಿಕದ ಜಿಮ್ಮಿ ರಾಡ್ಜರ್ಸ್ ಜೊತೆಗೆ ಟೆಕ್ಸ್ ಮಾರ್ಟನ್ ಹೆಸರೂ ಬರುತ್ತದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಹೆಸರಾದ ಈ ಗಾಯಕನನ್ನು ಟ್ಯಾಮ್‌ವರ್ತ್‌ನ ಗೌರವ ಪಟ್ಟಿಯಲ್ಲಿ ಸೇರಿಸಿದ್ದಾರೆ.

ವಸತಿ ಮಾತ್ರ ಕಷ್ಟ. ಹೋಟೆಲುಗಳು ವರ್ಷದ ಮೊದಲೇ ಮುಗಿಯುತ್ತವೆ. ಊರಿನವರು ತಮ್ಮ ಮನೆಯ ಕೋಣೆ ಬಾಡಿಗೆಗೆ ಕೊಡುವ ಪದ್ಧತಿಯಿದೆ. ಅಡುಗೆಮನೆ ಬಳಸಬಹುದೇ ಎಂದು ಕೇಳಿಯೇ ಹಿಡಿಯಿರಿ, ಅಕ್ಕಿ-ಬೇಳೆ ಒಯ್ದರೆ ಊಟದ ಅರ್ಧ ಚಿಂತೆ ನೀಗುತ್ತದೆ.

ಸಸ್ಯಾಹಾರಿಗಳ ಊಟ

ಬಾರ್ಬೆಕ್ಯೂ ಅಂಗಡಿಯಲ್ಲಿ ಮಾಂಸ ಬಿಟ್ಟು ಪಕ್ಕದ್ದಷ್ಟೇ ತಿನ್ನೋಣ ಎಂದುಕೊಂಡವರು ಮೋಸಹೋಗುತ್ತಾರೆ. ಬೇಕ್ಡ್ ಬೀನ್ಸ್‌ನಲ್ಲಿ ಬಹುತೇಕ ಹಂದಿಮಾಂಸದ ಚೂರಿರುತ್ತದೆ, ಕಾಲರ್ಡ್ ಸೊಪ್ಪನ್ನು ಹಂದಿಯ ಮೂಳೆ ಹಾಕಿಯೇ ಬೇಯಿಸುತ್ತಾರೆ, ಕಾರ್ನ್‌ಬ್ರೆಡ್‌ಗೆ ಕೆಲವೆಡೆ ಕೊಬ್ಬು ಸವರುತ್ತಾರೆ, ರೀಫ್ರೈಡ್ ಬೀನ್ಸ್‌ನಲ್ಲೂ ಹಾಗೆಯೇ, ಆಲೂ ಫ್ರೈಸ್ ಕೋಳಿ ಕರಿದ ಎಣ್ಣೆಯಲ್ಲೇ ಬೇಯುವುದುಂಟು. "ವೆಜ್ ಇದೆಯಾ" ಎಂದರೆ ತಲೆಯಾಡಿಸುತ್ತಾರೆ. "ಹಂದಿ, ಕೋಳಿ, ಲಾರ್ಡ್ (ಹಂದಿಕೊಬ್ಬು) ಯಾವುದೂ ಹಾಕಿಲ್ಲವಾ" ಎಂದು ಒಂದೊಂದಾಗಿ ಕೇಳಿ. ಸುಟ್ಟ ಜೋಳ, ಚೀಸ್ ಪಿಜ್ಜಾ, ಹಣ್ಣಿನ ಕಪ್ಪು ಸಾಮಾನ್ಯವಾಗಿ ತೊಂದರೆಯಿಲ್ಲ. ರೂಮಿನಿಂದ ಹೊರಡುವಾಗಲೇ ಹೊಟ್ಟೆ ತುಂಬ ಚಿತ್ರಾನ್ನ, ಮೊಸರನ್ನ ತಿನ್ನಿಸಿ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇರಲಿ, ಸಾಲಿನಲ್ಲಿ ನಿಂತಾಗ ಊಟದ ಹೊತ್ತು ತಪ್ಪುತ್ತದೆ.

ಕಾಲು, ಫೋನು, ಕಿವಿ

ಫೋಟೋ ಚೆನ್ನಾಗಿ ಬರಲೆಂದು ಹೊಸ ಕೌಬಾಯ್ ಬೂಟು ಕೊಡಿಸಬೇಡಿ. ಗಟ್ಟಿ ಚರ್ಮ ಮೊದಲ ದಿನವೇ ಹಿಮ್ಮಡಿ ಕೆತ್ತುತ್ತದೆ, ಸಕ್ಕರೆ ಕಾಯಿಲೆಯವರಿಗೆ ಆ ಗಾಯ ವಾರಗಟ್ಟಲೆ ಮಾಯದು. ಪಳಗಿದ ವಾಕಿಂಗ್ ಷೂ ಇರಲಿ, ಟೋಪಿ ಬೇಕಾದರೆ ಕೊಡಿಸಿ. ಜನಜಂಗುಳಿಯಲ್ಲಿ ಫೋನ್ ಸಿಗ್ನಲ್ ಕೈಕೊಡುತ್ತದೆ. ನಿಮ್ಮ ನಂಬರು, ಹೋಟೆಲಿನ ವಿಳಾಸ, ಮಾತ್ರೆಗಳ ಹೆಸರು, ಇನ್ಶೂರೆನ್ಸ್ ಪಾಲಿಸಿ ನಂಬರು ಬರೆದ ಚೀಟಿ ಅವರ ಜೇಬಿನಲ್ಲಿರಲಿ. ಅಮೆರಿಕಕ್ಕೆ ಬರುವವರ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಹಣ ಸಿಗುವ ಷರತ್ತು ಬೇರೆಬೇರೆ ಇರುತ್ತದೆ, ಆ ಪುಟವನ್ನು ಟಿಕೆಟ್ ತೆಗೆಯುವ ಮೊದಲೇ ಓದಿ.

ಕಿವಿಯದ್ದು ಎಲ್ಲರೂ ಮರೆಯುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗೆ ಸರಾಸರಿ 100 ಡೆಸಿಬೆಲ್ ಮಿತಿ ಸೂಚಿಸಿದೆ. ಅದೇ ಹಿರಿಯರಿಗೆ ಹೆಚ್ಚು. ಸ್ಪೀಕರ್ ಗೋಪುರದ ಎದುರಿನ ಸೀಟು ಬೇಡ. ಹಾಡಿನ ಮಾತು ಕೇಳಿಸಬೇಕಾದರೆ ಫಿಲ್ಟರ್ ಇರುವ ಇಯರ್‌ಪ್ಲಗ್ ಕೊಳ್ಳಿ, ಸ್ಪಂಜಿನದು ಅಗ್ಗ, ಆದರೆ ಮಾತು ಮಂಕಾಗುತ್ತದೆ. ಸ್ಪಂಜಿನದನ್ನೇ ಬಳಸುವುದಾದರೆ ಹೀಗೆ ಹಾಕಿ: ಎರಡು ಬೆರಳಿನಲ್ಲಿ ಊದುಬತ್ತಿ ಹೊಸೆದಂತೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಿ, ಅರಳುವವರೆಗೆ ಮೂವತ್ತು ಎಣಿಸುತ್ತಾ ಬೆರಳಲ್ಲೇ ಒತ್ತಿ ಹಿಡಿಯಿರಿ. ತುದಿಯಷ್ಟೇ ತುರುಕಿದರೆ ಏನೂ ತಡೆಯುವುದಿಲ್ಲ, ಹತ್ತು ನಿಮಿಷಕ್ಕೆ ಉದುರಿಬೀಳುತ್ತದೆ. ಹೊರಡುವ ಹಿಂದಿನ ದಿನ ಮನೆಯಲ್ಲೇ ಮಿಕ್ಸಿ ಓಡಿಸಿ, ಅದರ ಸದ್ದು ತಗ್ಗುವವರೆಗೆ ಅಪ್ಪ-ಅಮ್ಮನ ಕೈಯಿಂದಲೇ ಎರಡು ಸಲ ಹಾಕಿಸಿ ನೋಡಿ.